ಅಂಕಲಿ ರಸ್ತೆಯ ಬೇಡಿ: ಪೊಲೀಸರು ಹಿಡಿದಾಗ ನಮ್ಮ ಕೈಯಲ್ಲಿ ಏನಿರುತ್ತೆ?

ಗಾಡಿ ಮ್ಯಾಲ ಕೂತು ಕೇಳಾಕತ್ತಿದ್ರ ಮೊದಲ ಇಯರ್‌ಫೋನ್ ತೆಗೀರಿ, ಆಮ್ಯಾಲ ಕೇಳ್ರಿ. ಯಾಕಂದ್ರ ಇವತ್ತಿನ ವಿಷಯ ಗಾಡಿ ನಿಲ್ಲಿಸೋರದ್ದು.

ಹಿಡಕಲ್ ಡ್ಯಾಮ್ ನೋಡಾಕ ಹೋಗ್ತೀವಿ, ಮಳೆಗಾಲದಾಗ ಗೋಕಾಕ ಫಾಲ್ಸ್‌ಗೆ ಹೋಗ್ತೀವಿ, ಸಂಕೇಶ್ವರದ ಹತ್ರ ಹೈವೇ ಹತ್ತಿ ಕೊಲ್ಲಾಪುರಕ್ಕೂ ಹೋಗ್ತೀವಿ. ದಾರಿಯಲ್ಲಿ ಎಲ್ಲೋ ಒಂದು ಕಡೆ ಕೈ ಅಡ್ಡ ಬರುತ್ತೆ, 'ಏ, ಸೈಡಿಗೆ ಹಾಕು.' ಆ ಕ್ಷಣದಲ್ಲಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರೋದು ಎರಡೇ ದಾರಿ. ಒಂದು, ಪರಿಚಯದ ಯಾರಿಗಾದರೂ ಫೋನ್ ಹಚ್ಚೋದು. ಇನ್ನೊಂದು, ಕಿಸೆಗೆ ಕೈ ಹಾಕೋದು. ಮೂರನೇದು ಕಾನೂನು. ಅದು ನಮ್ಮ ಭಾಗದಿಂದಲೇ, ಹುಕ್ಕೇರಿ ದಾಟಿದರೆ ಸಿಗುವ ಚಿಕ್ಕೋಡಿ ತಾಲೂಕಿನಿಂದಲೇ, ಒಂದು ಹೆಜ್ಜೆ ಮುಂದೆ ಹೋಗಿದೆ. ಆ ಕತೆ ನಮಗೇ ಗೊತ್ತಿಲ್ಲ.

2019ರ ನವೆಂಬರ್. ಕೃಷ್ಣಾ ನದಿ ಹತ್ತಿರದ ಅಂಕಲಿ. ಅಲ್ಲಿನ ಪೊಲೀಸರು ಒಬ್ಬ ಹುಡುಗನನ್ನು ಬಂಧಿಸಿದರು. ಕಾನೂನು ಓದುತ್ತಿದ್ದ ವಿದ್ಯಾರ್ಥಿ. ಹೆಸರು ಕೋರ್ಟಿನ ದಾಖಲೆಯಲ್ಲಿದೆ, ಇಲ್ಲಿ ಬೇಡ. ಆತನ ಮೇಲಿದ್ದವು ಚೆಕ್ ಬೌನ್ಸ್ ಕೇಸುಗಳು. ಕೋರ್ಟಿಗೆ ಹಾಜರಾಗದ ಕಾರಣ ಜಾಮೀನುರಹಿತ ವಾರಂಟ್ ಹೊರಟಿತ್ತು. ಅಂದ್ರ ಬಂಧನವೇ ತಪ್ಪು ಅನ್ನುವ ಕೇಸು ಇದಲ್ಲ, ಅದನ್ನ ನೆನಪಿಡ್ರಿ. ಮುಂದೆ ನಡೆದದ್ದು ಬೇರೆ. ಕೈಗೆ ಬೇಡಿ ಹಾಕಿದರು. ಬಜಾರದ ರಸ್ತೆಯಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಡೆಸಿದರು. ಮಂದಿ ತುಂಬಿದ ಸರ್ಕಾರಿ ಬಸ್ಸಿನಲ್ಲಿ ಚಿಕ್ಕೋಡಿಗೆ ಕರೆದುಕೊಂಡು ಹೋದರು. ಊರೆಲ್ಲ ನೋಡಿತು. ಯಾರೋ ಮೊಬೈಲ್‌ನಲ್ಲಿ ವಿಡಿಯೋ ಮಾಡಿದರು.

ನಾನು ಬಿ.ಕಾಂ. ಓದಿದವ. ಕಾನೂನಿನ ಪುಸ್ತಕದಲ್ಲಿ ನನಗೆ ಬಾಯಿಪಾಠ ಇರುವ ಒಂದೇ ಕಲಂ ಅಂದ್ರ ಚೆಕ್ ಬೌನ್ಸಿನದ್ದು, 138. ಕಾಯ್ದೆ 1881ರದ್ದು, ಈ ಕಲಂ ಮಾತ್ರ 1989ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು. ಮೊದಲು ಚೆಕ್ ವಾಪಸ್ ಬಂದರೆ ಅದು ಸಾಲ ವಸೂಲಿಯ ಸಿವಿಲ್ ಜಗಳ. ವ್ಯಾಪಾರದಲ್ಲಿ ಚೆಕ್ಕಿನ ಮೇಲೆ ನಂಬಿಕೆ ಉಳಿಯಲಿ ಅಂತ ಅದಕ್ಕೆ ಜೈಲಿನ ಬಾಲ ಕಟ್ಟಿದರು. ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ, ಜಾಮೀನು ಸಿಗುವ ಅಪರಾಧ. ದುಡ್ಡು ಕಟ್ಟಿ ರಾಜಿ ಆದರೆ ಕೇಸೇ ಮುಗಿಯುತ್ತೆ. ಇಂಥ ಕೇಸಿನವನಿಗೆ ಬೇಡಿ ಹಾಕಿ ಬಜಾರದಲ್ಲಿ ನಡೆಸೋದು ಯಾವ ಲೆಕ್ಕಕ್ಕೆ ಬರುತ್ತೆ, ನೀವೇ ಹೇಳ್ರಿ.

ಆ ಹುಡುಗ ಅದನ್ನೇ ಕೇಳಿದ. ಹೈಕೋರ್ಟಿನ ಧಾರವಾಡ ಪೀಠಕ್ಕೆ ರಿಟ್ ಅರ್ಜಿ ಹಾಕಿದ. ಇಲ್ಲೊಂದು ಸಣ್ಣ ಮಾತು. ಧಾರವಾಡದಲ್ಲಿ ಹೈಕೋರ್ಟ್ ಕೂತದ್ದು 2008ರಲ್ಲಿ, ಕಾಯಂ ಪೀಠ ಆದದ್ದು 2013ರಲ್ಲಿ. ಅದಕ್ಕೂ ಮೊದಲು ಬೆಳಗಾವಿ ಜಿಲ್ಲೆಯವರು ರಾತ್ರಿ ಬಸ್ ಹಿಡಿದು ಬೆಂಗಳೂರಿಗೇ ಹೋಗಬೇಕಿತ್ತು. ಪ್ರತಿ ಹಿಯರಿಂಗಿಗೂ ಒಂದು ಬಸ್ ಚಾರ್ಜು, ಒಂದು ಲಾಡ್ಜಿನ ಬಾಡಿಗೆ. ಎಷ್ಟು ಮಂದಿ 'ಹೋಗ್ಲಿ ಬಿಡ್ರಿ' ಅಂದಿರಬೇಕು!

2022ರ ಜೂನ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರ ತೀರ್ಪು ಬಂತು. ಸಾಮಾನ್ಯವಾಗಿ ಯಾವ ಆರೋಪಿಗೂ ಬೇಡಿ ಹಾಕುವಂತಿಲ್ಲ. ಓಡಿಹೋಗುವ, ಹಾನಿ ಮಾಡುವ ಅಪಾಯ ನಿಜವಾಗಿ ಇದ್ದರೆ ಮಾತ್ರ ಹಾಕಬಹುದು. ಹಾಕಿದರೆ ಯಾಕೆ ಅನ್ನೋದನ್ನ ಬರೆದಿಡಬೇಕು, ಆ ಕಾರಣ ಕೋರ್ಟಿನ ಮುಂದೆ ನಿಲ್ಲಬೇಕು. ಅಂಕಲಿ ಕೇಸಿನಲ್ಲಿ ಹಾಗೆ ನಿಲ್ಲುವ ಕಾರಣ ಇರಲಿಲ್ಲ. ಸರ್ಕಾರ 2 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಬೇಕಾದರೆ ಅದನ್ನು ತಪ್ಪು ಮಾಡಿದ ಅಧಿಕಾರಿಯಿಂದ ವಸೂಲು ಮಾಡಿಕೊಳ್ಳಬಹುದು ಅಂತ ಆದೇಶ ಆಯಿತು. ಜೊತೆಗೆ, ಬಂಧಿಸುವ ಅಧಿಕಾರ ಇರುವ ಪೊಲೀಸರಿಗೆ ಬಾಡಿ ಕ್ಯಾಮೆರಾ ಕೊಡಿ, ರೆಕಾರ್ಡಿಂಗನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ ಅಂತಲೂ ಹೇಳಿದರು. ಇಡೀ ರಾಜ್ಯದ ಪೊಲೀಸರಿಗೆ ಅನ್ವಯಿಸುವ ಮಾತು ಇದು. ಹುಟ್ಟಿದ್ದು ಮಾತ್ರ ನಮ್ಮ ಕಬ್ಬಿನ ಸೀಮೆಯ ಒಂದು ಬಜಾರ ರಸ್ತೆಯಲ್ಲಿ.

ಈಗ ಇತಿಹಾಸಕ್ಕೆ ಬರೋಣ. ಈ ನಿಯಮ 2022ರಲ್ಲಿ ಆಕಾಶದಿಂದ ಬೀಳಲಿಲ್ಲ. 1980ರಲ್ಲೇ ಸುಪ್ರೀಂ ಕೋರ್ಟ್ ಇದನ್ನ ಹೇಳಿತ್ತು. ಹೇಳಿಸಿದ್ದು ಒಂದು ಟೆಲಿಗ್ರಾಂ.

ದಿಲ್ಲಿಯ ತಿಹಾರ್ ಜೈಲಿನಲ್ಲಿದ್ದ ಪ್ರೇಮ್ ಶಂಕರ್ ಶುಕ್ಲಾ ಅನ್ನುವ ವಿಚಾರಣಾಧೀನ ಕೈದಿ, ತನಗೂ ಬೇರೆ ಕೈದಿಗಳಿಗೂ ಕೋರ್ಟಿಗೆ ಕರೆದುಕೊಂಡು ಹೋಗುವಾಗ ಬಲವಂತವಾಗಿ ಬೇಡಿ ಹಾಕುತ್ತಾರೆ ಅಂತ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಮೂರ್ತಿಗೆ ತಂತಿ ಕಳಿಸಿದ. ಆ ತಂತಿಯನ್ನೇ ಅರ್ಜಿ ಅಂತ ತಗೊಂಡು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು. ಅದರಲ್ಲಿ ನನಗೆ ಹೆಚ್ಚು ನಾಟಿದ ಭಾಗ ಬೇಡಿಯದ್ದಲ್ಲ, ವರ್ಗದ್ದು. ಆಗಿನ ಪಂಜಾಬ್ ಪೊಲೀಸ್ ನಿಯಮಗಳಲ್ಲಿ ಕೈದಿಗಳಲ್ಲಿ 'ಉತ್ತಮ ದರ್ಜೆ', 'ಸಾಮಾನ್ಯ ದರ್ಜೆ' ಅಂತ ಎರಡು ಇದ್ದವು. ಓದಿದವರು, ಅಂತಸ್ತು ಇದ್ದವರು ಉತ್ತಮ ದರ್ಜೆ, ಅವರಿಗೆ ಬೇಡಿ ಹಾಕಲು ವಿಶೇಷ ಕಾರಣ ಬೇಕು. ಉಳಿದವರಿಗೆ? ಹಾಕೋದೇ ಪದ್ಧತಿ. ಒಂದೇ ಅಪರಾಧದ ಆರೋಪ ಇರುವ ಇಬ್ಬರಲ್ಲಿ ಸೂಟು ಹಾಕಿದವನ ಕೈ ಖಾಲಿ, ಧೋತರ ಉಟ್ಟವನ ಕೈಗೆ ಕಬ್ಬಿಣ. ಬಡವನಾದ ಮಾತ್ರಕ್ಕೆ ಅವನು ಓಡಿಹೋಗ್ತಾನೆ ಅನ್ನೋದು ಯಾವ ನ್ಯಾಯ ಅಂತ ಕೋರ್ಟ್ ಆ ಭೇದವನ್ನೇ ಕಿತ್ತುಹಾಕಿತು.

ಆಮೇಲೆ 1995. ಪತ್ರಕರ್ತ ಕುಲದೀಪ್ ನಯ್ಯರ್ ಅಸ್ಸಾಂನ ಆಸ್ಪತ್ರೆಯಲ್ಲಿ ಬಂಧಿತರನ್ನು ಮಂಚಕ್ಕೆ ಬೇಡಿ ಹಾಕಿ ಕಟ್ಟಿದ್ದನ್ನು ಕಂಡು ಪತ್ರ ಬರೆದರು. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಬೇಡಿ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಹೇಳಿತು. ಅಂದ್ರ 2019ರಲ್ಲಿ ಅಂಕಲಿಯಲ್ಲಿ ಬೇಡಿ ಬೀಳುವ ಹೊತ್ತಿಗೆ ನಿಯಮಕ್ಕೆ 39 ವರ್ಷ ವಯಸ್ಸಾಗಿತ್ತು. ತಂತಿ, ಪತ್ರ, ಮೊಬೈಲ್ ವಿಡಿಯೋ. ಸಾಮಾನು ಬದಲಾಯಿತು, ಹೇಳಬೇಕಾದ ಮಾತು ಬದಲಾಗಲಿಲ್ಲ.

ಯಾಕೆ ಇಷ್ಟು ಗಟ್ಟಿ ಈ ಚಟ? ಇದಕ್ಕೆ ಉತ್ತರ ಹುಡುಕಿದರೆ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಹೋಗಬೇಕು. 1956ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ ಎಲ್ಲ ಮುಂಬಯಿಗೆ ಸೇರಿದ್ದವು, ನಮ್ಮ ಅಜ್ಜಂದಿರನ್ನು ತಡೆದು ನಿಲ್ಲಿಸುತ್ತಿದ್ದವರು ಮುಂಬಯಿ ಸರ್ಕಾರದ ಪೊಲೀಸರು. 1871ರಲ್ಲಿ ಒಂದು ಕಾಯ್ದೆ ಬಂತು, 'ಅಪರಾಧಿ ಬುಡಕಟ್ಟು' ಕಾಯ್ದೆ. ಮೊದಲು ಉತ್ತರ ಭಾರತಕ್ಕೆ ಇತ್ತು, 1911ರ ಹೊಸ ಕಾಯ್ದೆಯಿಂದ ನಮ್ಮ ಕಡೆಗೂ ಹಬ್ಬಿತು. ಅಪರಾಧ ಮಾಡಿದವನನ್ನು ಹಿಡಿಯುವ ಕಾಯ್ದೆ ಅಲ್ಲ ಇದು. ಇಂಥ ಜಾತಿಯಲ್ಲಿ ಹುಟ್ಟಿದ್ದೀಯಾ, ಹಂಗಾದ್ರ ನೀನು ಅಪರಾಧಿ. ಅಷ್ಟೇ. ಊರೂರು ತಿರುಗಿ ಉಪ್ಪು, ಧಾನ್ಯ ಮಾರುತ್ತಿದ್ದವರು, ಬುಟ್ಟಿ ಹೆಣೆಯುತ್ತಿದ್ದವರು, ಕುಣಿದು ಹೊಟ್ಟೆ ಹೊರೆಯುತ್ತಿದ್ದವರು ಪಟ್ಟಿಗೆ ಸೇರಿದರು. ರೈಲು, ರಸ್ತೆ ಬಂದಮೇಲೆ ಅವರ ವ್ಯಾಪಾರ ಹೋಗಿತ್ತು, ತಿರುಗಾಟ ಉಳಿದಿತ್ತು. ಉಳಿದ ತಿರುಗಾಟವೇ ಸರ್ಕಾರದ ಕಣ್ಣಿಗೆ ಅನುಮಾನ.

ಪಟ್ಟಿಯಲ್ಲಿ ಇದ್ದವರ ಬೆರಳಚ್ಚು ಪೊಲೀಸರ ಹತ್ತಿರ. ದಿನಾ ಹಾಜರಿ ಕೊಡಬೇಕು. ಪಕ್ಕದ ಊರಿಗೆ ಹೋಗಬೇಕಾದರೆ ಪಾಸ್ ಬೇಕು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ 'ಸೆಟ್ಲಮೆಂಟ್' ಕಟ್ಟಿ ಕುಟುಂಬಗಳನ್ನೇ ತಂದು ಇಟ್ಟರು, ಗಿರಣಿ ಕೆಲಸಕ್ಕೆ ಕಳಿಸಿದರು. ಇವತ್ತಿಗೂ ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅಂದ್ರ ರಿಕ್ಷಾದವರಿಗೆ ಗೊತ್ತು. ನಮ್ಮ ಭಾಗದ ಒಂದು ಸಮುದಾಯದ ಹೆಸರೇ ಸರ್ಕಾರಿ ಕಾಗದದಲ್ಲಿ 'ಗಂಟಿಚೋರ' ಅಂತ ಇದೆ. ಹೆಸರಿನಲ್ಲೇ ಎಫ್‌ಐಆರ್ ಬರೆದಿಟ್ಟ ಹಾಗೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ಆ ಮಗುವಿಗೆ ಹೇಗನ್ನಿಸಬೇಕು?

ಆ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಅಂದ್ರ ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ. ಅದಕ್ಕೇ ಈ ಸಮುದಾಯಗಳನ್ನು ವಿಮುಕ್ತ ಅಂತ ಕರೆಯೋದು. ಆದರೆ ಹಿಂದೆಯೇ 'ರೂಢಿಗತ ಅಪರಾಧಿ' ಕಾನೂನುಗಳು ಬಂದವು, ನಮ್ಮ ರಾಜ್ಯದ್ದು 1961ರದ್ದು. 'ರೂಢಿಗತ ಅಪರಾಧಿ' ಅನ್ನೋ ಶಬ್ದ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಇನ್ನೊಂದು ಕಡೆ ಸಂವಿಧಾನ ತಯಾರಾಗುತ್ತಿತ್ತು. 22ನೇ ವಿಧಿ ಅಂತ ಕೇಳಿರಬೇಕು. ಬಂಧಿಸಿದರೆ ಯಾಕೆ ಅಂತ ಹೇಳಬೇಕು, ವಕೀಲರನ್ನು ನೋಡಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಪ್ರಯಾಣದ ಸಮಯ ಬಿಟ್ಟು. 24 ಗಂಟೆಯ ಮಾತು ಬ್ರಿಟಿಷರ ಕಾಲದ ದಂಡ ಪ್ರಕ್ರಿಯೆಯಲ್ಲೂ ಇತ್ತು. ಆದರೆ ಕಾಯ್ದೆಯನ್ನು ಬಹುಮತ ಇದ್ದ ಯಾರೂ ತಿದ್ದಬಹುದು. ಮೂಲಭೂತ ಹಕ್ಕನ್ನು ಹಾಗೆ ಮಾಡೋದು ಸುಲಭ ಅಲ್ಲ. ಡಾ. ಅಂಬೇಡ್ಕರ್ ಇದನ್ನು ಸಭೆಯ ಮುಂದೆ ತಂದದ್ದು 1949ರ ಸೆಪ್ಟೆಂಬರ್‌ನಲ್ಲಿ, ಕರಡು ಬಹುತೇಕ ಮುಗಿಯುವ ಹೊತ್ತಿಗೆ. ಬದುಕು ಮತ್ತು ಸ್ವಾತಂತ್ರ್ಯದ ವಿಧಿಯನ್ನು ಸಭೆ ದುರ್ಬಲ ಮಾಡಿದೆ ಅಂತ ಟೀಕೆ ಇತ್ತು, ಅದಕ್ಕೆ ಪರಿಹಾರ ಅಂತ ಇದು ಬಂತು. ಇದೇ ಅಂಬೇಡ್ಕರ್ 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದವರು. ಹುಟ್ಟಿದ ಜಾತಿ ನೋಡಿ ಹಾಜರಿ ತಗೊಳ್ಳುತ್ತಿದ್ದ ಕಾಲದ ಮುಂಬಯಿ ಪ್ರಾಂತ್ಯ ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ಕಾಗದದ ಮೇಲೆ 22ನೇ ವಿಧಿ ಬಂತು. ಠಾಣೆಯೊಳಗೆ ಬರಲು ಇನ್ನೂ ನಲವತ್ತು ವರ್ಷ ಬೇಕಾಯಿತು. 1994ರ ಜನವರಿಯಲ್ಲಿ ಗಾಜಿಯಾಬಾದಿನ ಪೊಲೀಸರು ಜೋಗಿಂದರ್ ಕುಮಾರ್ ಅನ್ನುವ ಯುವ ವಕೀಲರನ್ನು ವಿಚಾರಣೆಗೆ ಅಂತ ಕರೆದು ದಿನಗಟ್ಟಲೆ ಇಟ್ಟುಕೊಂಡರು, ಮನೆಯವರಿಗೆ ಎಲ್ಲಿದ್ದಾರೆ ಅನ್ನೋದೇ ಗೊತ್ತಿರಲಿಲ್ಲ. ವಯಸ್ಸು 28. ನನ್ನದೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಓದುವಾಗ ಸ್ವಲ್ಪ ಕಸಿವಿಸಿ ಆಯಿತು. ಬಂಧಿಸುವ ಅಧಿಕಾರ ಇರೋದು ಬೇರೆ, ಬಂಧಿಸಲು ಕಾರಣ ಇರೋದು ಬೇರೆ ಅಂತ ಸುಪ್ರೀಂ ಕೋರ್ಟ್ ಆಗ ಬಿಡಿಸಿ ಹೇಳಿತು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಕೇಸು. ಅದೂ ಪಶ್ಚಿಮ ಬಂಗಾಳದಿಂದ ಬಂದ ಒಂದು ಪತ್ರವೇ, ಲಾಕಪ್ ಸಾವುಗಳ ಬಗ್ಗೆ. ಬಂಧಿಸುವ ಪೊಲೀಸರ ಹೆಸರಿನ ಫಲಕ ಕಾಣಬೇಕು, ಬಂಧನದ ಮೆಮೊ ಬರೆದು ಸಾಕ್ಷಿ ಸಹಿ ಹಾಕಿಸಬೇಕು, ಮನೆಯವರಿಗೆ ಅಥವಾ ಸ್ನೇಹಿತರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಆಗಬೇಕು. ಇವತ್ತು ಠಾಣೆಗಳಲ್ಲಿ ತೂಗುಹಾಕಿದ ಬೋರ್ಡಿನಲ್ಲಿ ಓದುವ ಸಾಲುಗಳು ಅಲ್ಲಿಂದ ಬಂದವು.

2025ರ ನವೆಂಬರ್‌ನಲ್ಲಿ ಇದಕ್ಕೆ ಇನ್ನೊಂದು ಸೇರಿತು. ಬಂಧನದ ಕಾರಣವನ್ನು ಬರಹದಲ್ಲಿ ಕೊಡಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಗಡಿ ಭಾಗದವರಿಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಕೊಲ್ಲಾಪುರದಲ್ಲಿ ಸಿಕ್ಕ ಹುಕ್ಕೇರಿಯ ಹುಡುಗನಿಗೆ ಕನ್ನಡ, ಗೋಕಾಕದಲ್ಲಿ ಸಿಕ್ಕ ಗಡಹಿಂಗ್ಲಜಿನ ಹುಡುಗನಿಗೆ ಮರಾಠಿ.

ಹಂಗಾದ್ರ ರಸ್ತೆ ಮೇಲೆ ನಿಲ್ಲಿಸಿದಾಗ? ನಿಲ್ಲಿಸೋದು ಬಂಧನ ಅಲ್ಲ, ಇದು ಮೊದಲ ಸ್ಪಷ್ಟ ಆಗಬೇಕು. ಸಮವಸ್ತ್ರದಲ್ಲಿರುವ ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 130ನೇ ಕಲಂ. ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತೆ, ಕೇಂದ್ರದ ನಿಯಮ 139 ತಿದ್ದಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿರುವ ಫೋಟೋ ಬೇರೆ, ಡಿಜಿಲಾಕರ್ ಬೇರೆ, ಅಷ್ಟು ಗೊತ್ತಿರಲಿ. ಹೆಸರು, ವಿಳಾಸ ಕೇಳಿದರೆ ಸರಿಯಾಗಿ ಹೇಳಿ. ಸಣ್ಣ ತಪ್ಪಿಗೂ ಹೆಸರು ಹೇಳದೆ ಹಠ ಮಾಡಿದರೆ, ಅದನ್ನು ತಿಳಿಯಲಿಕ್ಕೆ ಅಂತಲೇ ಬಂಧಿಸಲು ಕಾನೂನಿನಲ್ಲಿ ದಾರಿ ಇದೆ. ಚಾವಿ ಕಿತ್ತುಕೊಳ್ಳೋದು, ಓಡುವ ಬೈಕಿಗೆ ಅಡ್ಡ ಜಿಗಿಯೋದು ಮಾತ್ರ ಪೊಲೀಸರಿಗೆ ಸಲ್ಲದು. 2025ರ ಮೇನಲ್ಲಿ ಮಂಡ್ಯದಲ್ಲಿ ಹಾಗೆ ಬೈಕ್ ತಡೆದಾಗ ತಂದೆತಾಯಿ ಜೊತೆ ಇದ್ದ ಪುಟ್ಟ ಮಗು ಬಿದ್ದು ಸತ್ತಿತು. ಅದಾದಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಇಲಾಖೆಗೆ ಬರೆದು ತಿಳಿಸಬೇಕಾಯಿತು. ನಿಯಮಕ್ಕಾಗಿ ಯಾರೋ ತಂತಿ ಕಳಿಸುವ ಹೊತ್ತೂ ಇರಲಿಲ್ಲ ಅಲ್ಲಿ.

ಫೋನ್ ಬಗ್ಗೆ ಬಹಳ ಮಂದಿ ಕೇಳ್ತೀರಿ. 'ಲಾಕ್ ತೆಗಿ, ಗ್ಯಾಲರಿ ತೋರಿಸು' ಅಂದ್ರ? 2021ರ ಮಾರ್ಚ್‌ನಲ್ಲಿ ಇದೇ ನಮ್ಮ ಹೈಕೋರ್ಟ್, ಇದೇ ನ್ಯಾಯಮೂರ್ತಿ ಗೋವಿಂದರಾಜ್, ಪೊಲೀಸರು ಫೋನ್ ಹುಡುಕಲು ಸಾಮಾನ್ಯವಾಗಿ ಕೋರ್ಟಿನ ಸರ್ಚ್ ವಾರಂಟ್ ಬೇಕು, ತುರ್ತು ಇದ್ದರೆ ಕಾರಣ ಬರೆದಿಡಬೇಕು ಅಂದಿದ್ದಾರೆ. ಕೋರ್ಟ್ ಆದೇಶ ಮಾಡಿದರೆ ಪಾಸ್‌ವರ್ಡ್ ಕೊಡಬೇಕಾಗುತ್ತೆ ಅಂತಲೂ ಅದೇ ತೀರ್ಪಿನಲ್ಲಿದೆ, ಅರ್ಧ ಮಾತ್ರ ಕೇಳಿ ಕುಣಿಯಬೇಡಿ. ಆದರೆ ಕೇಸೂ ಇಲ್ಲ, ವಾರಂಟೂ ಇಲ್ಲ, ಡ್ಯಾಮ್ ರಸ್ತೆಯ ಚೆಕಿಂಗ್‌ನಲ್ಲಿ ನಿಮ್ಮ ಚಾಟ್ ಓದುವುದಕ್ಕೆ ಇದರಲ್ಲಿ ಜಾಗ ಇಲ್ಲ.

ವಾಟ್ಸ್‌ಆ್ಯಪ್ ಅಂದ ಕೂಡಲೇ ಇನ್ನೊಂದು. ಏಳು ವರ್ಷದವರೆಗಿನ ಶಿಕ್ಷೆಯ ಬಹುತೇಕ ಕೇಸುಗಳಲ್ಲಿ ನೇರ ಬಂಧನ ಬೇಡ, ಮೊದಲು ಹಾಜರಾಗಲು ನೋಟಿಸ್ ಕೊಡಿ ಅನ್ನೋದು ಹಳೇ ಕಾಯ್ದೆಯ 41ಎ, ಈಗಿನ 35ನೇ ಕಲಂ. ಆ ನೋಟಿಸ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯೋದಿಲ್ಲ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಡಿಯೋ ಕಾಲ್‌ನಲ್ಲಿ ಸಮವಸ್ತ್ರ ಹಾಕಿಕೊಂಡು ಕೂತು 'ಡಿಜಿಟಲ್ ಅರೆಸ್ಟ್' ಅನ್ನುವವ ಕಳ್ಳ. ಅಂಥ ಬಂಧನ ಯಾವ ಕಾಯ್ದೆಯಲ್ಲೂ ಇಲ್ಲ. ಇದನ್ನ ನಿಮ್ಮ ಅಪ್ಪ, ಅವ್ವ, ಮಾಸ್ತರರಾಗಿ ನಿವೃತ್ತಿ ಆದ ಕಾಕಾ, ಎಲ್ಲರಿಗೂ ಹೇಳ್ರಿ. ನಿಮಗಿಂತ ಅವರಿಗೆ ಬೇಕಾದದ್ದು ಇದು.

ಈಗ ಬೇಡಿಗೆ ವಾಪಸ್. 2024ರ ಜುಲೈ 1ರಿಂದ ಹೊಸ ಕಾಯ್ದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ 43ನೇ ಕಲಮಿನ 3ನೇ ಉಪಕಲಂ ಬೇಡಿಗೆ ಮೊದಲ ಸಲ ಕಾಯ್ದೆಯಲ್ಲೇ ಜಾಗ ಕೊಟ್ಟಿದೆ. ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಭಯೋತ್ಪಾದನೆ, ಮಾದಕ ವಸ್ತು, ಮಾನವ ಸಾಗಾಟ, ಹೀಗೆ ಪಟ್ಟಿ ಇದೆ. ಇವುಗಳಿಗೆ ಹಾಕಬಹುದು, ಅದೂ ಅಪರಾಧದ ಸ್ವರೂಪ ನೋಡಿ. ಚೆಕ್ ಬೌನ್ಸ್ ಪಟ್ಟಿಯಲ್ಲಿಲ್ಲ. ಅಷ್ಟರಮಟ್ಟಿಗೆ ಅಂಕಲಿ ಹುಡುಗ ಇವತ್ತೂ ಗೆಲ್ಲುತ್ತಾನೆ. ಆದರೆ ಪಟ್ಟಿಯ ಮೊದಲಿಗೇ ನಿಂತಿರೋದು ಯಾರು ಗೊತ್ತೇ? 'ರೂಢಿಗತ ಅಥವಾ ಪುನರಾವರ್ತಿತ ಅಪರಾಧಿ.' ಇಲ್ಲಿ ಯಾವ ಅಪರಾಧ ಅಂತ ಕೇಳೋದಿಲ್ಲ, ಯಾರು ಅಂತ ಕೇಳುತ್ತೆ. ಆ ಶಬ್ದವನ್ನು ಜೈಲಿನ ಕೈಪಿಡಿಗಳಲ್ಲಿ ವಿಮುಕ್ತ ಸಮುದಾಯಗಳ ಮೇಲೆ ಹೇಗೆ ಬಳಸುತ್ತಾ ಬಂದಿದ್ದಾರೆ ಅನ್ನೋದನ್ನ 2024ರ ಅಕ್ಟೋಬರ್‌ನಲ್ಲಿ, ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಕೇಸಿನಲ್ಲಿ, ಸುಪ್ರೀಂ ಕೋರ್ಟೇ ಪುಟಗಟ್ಟಲೆ ಬರೆದಿದೆ. ಹೊಸ ಕಾಯ್ದೆ ಜಾರಿಯಾಗಿ ಆಗಿನ್ನೂ ಮೂರು ತಿಂಗಳು. ನನ್ನ ಮಟ್ಟಿಗೆ, ಮುಂದಿನ ಟೆಲಿಗ್ರಾಂ ಹೋಗಬೇಕಾಗಿರೋದು ಈ ಶಬ್ದದ ಮೇಲೆ.

ಇಷ್ಟೆಲ್ಲ ಕೇಳಿ ನಾಳೆ ಚೆಕ್‌ಪೋಸ್ಟಿನಲ್ಲಿ ಕಲಂ ನಂಬರ್ ಒದರಿ ವಾದಕ್ಕೆ ನಿಲ್ಲಬೇಡ್ರಿ. ರಸ್ತೆ ಕೋರ್ಟ್ ಅಲ್ಲ. ಅಂಕಲಿಯ ಹುಡುಗನೂ ಗೆದ್ದದ್ದು ಬಜಾರದಲ್ಲಿ ಅಲ್ಲ. ನೋಡಬೇಕಾದದ್ದು ಎದೆ ಮೇಲಿನ ಹೆಸರಿನ ಫಲಕ, ಯಾವ ಠಾಣೆ, ಎಷ್ಟು ಗಂಟೆ. ಕೇಳಬೇಕಾದದ್ದು ಒಂದೇ, 'ಸರ್, ನನ್ನನ್ನ ಬಂಧಿಸಾಕತ್ತೀರೇನು? ಯಾವ ಕಾರಣಕ್ಕ?' ಹೌದು ಅಂದ್ರ ಮೆಮೊ, ಕಾರಣದ ಕಾಗದ, ಮನೆಗೆ ಒಂದು ಫೋನು. ಹುಡುಗಿಯರಿಗೆ ಇನ್ನೊಂದು: ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು, ವಿಶೇಷ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಅಧಿಕಾರಿ ಬಂದ ಹೊರತು ಬಂಧನ ಇಲ್ಲ. ವಕೀಲರಿಗೆ ದುಡ್ಡಿಲ್ಲ ಅಂದ್ರ 15100ಕ್ಕೆ ಫೋನ್ ಮಾಡ್ರಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿದ್ದವರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಸರ್ಟಿಫಿಕೇಟ್ ಬೇಕಿಲ್ಲ.

ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರಲ್ಲ, ಅಲ್ಲಿ ಸುಮ್ಮನೆ ತಲೆ ತಗ್ಗಿಸಿ ನಿಲ್ಲೋದು ನಮ್ಮ ರೂಢಿ. ಕರೆತರುವಾಗ ಬೇಡಿ ಹಾಕಿದ್ದರಾ ಅಂತ ಆರೋಪಿಯನ್ನು ಕೇಳಿ ತಿಳಿದುಕೊಳ್ಳಬೇಕು ಅಂತ ಧಾರವಾಡ ಪೀಠ ಮ್ಯಾಜಿಸ್ಟ್ರೇಟರಿಗೇ ಹೇಳಿದೆ. ಅವರು ಕೇಳಿದರೆ ಉತ್ತರ ಕೊಡ್ರಿ. ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳ್ರಿ, ಕನ್ನಡದಲ್ಲೇ ಹೇಳ್ರಿ, ಅದು ದಾಖಲೆಗೆ ಹೋಗಲಿ.